ಎಡಗಡೆಯ ಹಿಂದಿನ ಸ್ಪ್ರಿಂಗು

ಟಪ್ ಅಂದದ್ದು ಬುಷ್ ಅಲ್ಲ, ಬುಷ್ ಆಗಿದ್ದರೆ ಕಿರ್ರ್ ಅನ್ನಬೇಕು, ಹಸಿದ ಬೆಕ್ಕಿನ ಹಾಗೆ ಎಳೆದೆಳೆದು, ಕೀಲಿನೊಳಗಿನ ರಬ್ಬರಿಗೆ ಟಪ್ ಅನ್ನಲು ಬರುವುದಿಲ್ಲ — ಬಾಲ್ ಜಾಯಿಂಟೂ ಅಲ್ಲ, ಅದು ಸವೆದಿದ್ದರೆ ಕಟಕಟ ಅನ್ನುತ್ತದೆ, ಮುದುಕರ ಮಂಡಿಯ ಹಾಗೆ, ಅದೂ ಅಲ್ಲದೆ ಇವತ್ತೇ ಪೊಟ್ಟಣ ಒಡೆದು ಹಾಕಿದ ಹೊಸ ಜಾಯಿಂಟು, ಅದಕ್ಕೇನು ರೋಗ — ಚಕ್ರದ ಮೇಲಿನ ತಗಡಿನಲ್ಲಿ ಸಿಕ್ಕಿಕೊಂಡಿದ್ದ ಕಲ್ಲೇನಾದರೂ ಬಿತ್ತೇ, ಬಿದ್ದಿದ್ದರೆ ಉರುಳಿ ಗುಂಡಿಯೊಳಗೆ ಬರಬೇಕಿತ್ತು, ಬರಲಿಲ್ಲ. ಅವಳು ಗ್ಯಾರೇಜಿನ ಗುಂಡಿಯಲ್ಲಿ ಕತ್ತೆತ್ತಿ ನಿಂತಿದ್ದಾಳೆ, ನೆತ್ತಿಯ ಮೇಲೆ ಅಳಿಯನ ಕಾರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದು, ಕೈಯಲ್ಲಿ ಸ್ಪ್ಯಾನರು, ಪಕ್ಕದ ಕೊಕ್ಕೆಗೆ ತೂಗುಹಾಕಿದ ಕೈದೀಪ, ಅದರ ಬೆಳಕಿನಲ್ಲಿ ಎಡಗಡೆಯ ಹಿಂದಿನ ಸ್ಪ್ರಿಂಗು, ಹೊಸದು, ಹಳದಿ ಬಣ್ಣದ್ದು — ಟಪ್ ಅಂದ ಗಳಿಗೆಯಲ್ಲೇ ಅದು ಕೂದಲೆಳೆಯಷ್ಟು ಕುಗ್ಗಿತು, ಎದ್ದಿತು, ನಿಂತಿತು. ಯಾಕೆ ಕುಗ್ಗಬೇಕು? ಇಬ್ಬರೂ ಕದಲದೆ ಕೂತಿರಬೇಕು ಅಂತ ಹೇಳಿಯೇ ತಾನು ಕೆಳಗಿಳಿದದ್ದು, ಅದು ಈ ಗ್ಯಾರೇಜಿನ ಕಟ್ಟುನಿಟ್ಟು, ತಗ್ಗಿಸಿದ ಕಾರಿನ ಕೊನೆಯ ಬೋಲ್ಟು ಬಿಗಿಯುವಾಗ ಅದರಲ್ಲಿ ದಿನಾ ಓಡಾಡುವವರೇ ಸೀಟಿನಲ್ಲಿ ಇರಬೇಕು, ಮರಳು ಮೂಟೆ ಇಟ್ಟು ಬಿಗಿಯುವವರಿದ್ದಾರೆ, ಖಾಲಿ ಕಾರಿಗೇ ಬಿಗಿದು ಕೈತೊಳೆದುಕೊಳ್ಳುವವರಿದ್ದಾರೆ, ಚಕ್ರ ಇನ್ನೂ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿಯುವ ಮಹಾನುಭಾವರೂ ಇದ್ದಾರೆ, ಅಂಥವರ ಕೈಯ ಬುಷ್ಷು ಕಾರು ಕೆಳಗಿಳಿದ ಕೂಡಲೇ ತಿರುಚಿಕೊಳ್ಳುತ್ತದೆ, ತಿರುಚಿಕೊಂಡೇ ಬದುಕುತ್ತದೆ, ವರ್ಷ ತುಂಬುವುದರೊಳಗೆ ಹರಿದು ಸಾಯುತ್ತದೆ; ಭಾರ ಯಾರದೋ ಅವರೇ ಕೂರ್ಬೇಕು ಕಣೇ ಅಂತ ಗಂಡ ಹೇಳಿಕೊಟ್ಟದ್ದು, ಗಂಡ ಹೋದ, ಮಾತು ಉಳಿಯಿತು, ಅವನ ಗುಂಡಿಗೆ ಇವಳು ಇಳಿದಳು, ಇಳಿದು ಇಳಿದು ಬೀದಿಯವರ ಬಾಯಲ್ಲಿ ಗುಂಡಿ ಅಕ್ಕ ಆದಳು. ಮೇಲೆ ಬಲಗಡೆಯ ಸೀಟಿನಲ್ಲಿ ಅಳಿಯ, ಎಡಗಡೆ ಮಗಳು. ಕುಗ್ಗಿದ್ದು ಎಡಗಡೆ.

ಎಡಗಡೆ ಅಂದರೆ ನಟ್ಟು ಕದಲಿದಳು — ನಟ್ಟು ಅಂತ ಹೆಸರಿಟ್ಟವನೂ ಅವಳಪ್ಪನೇ, ಫ್ರಾಕಿನ ಜೇಬಿನ ತುಂಬ ನಟ್ಟುಗಳನ್ನು ತುಂಬಿಕೊಂಡು ಝಣಝಣ ಅಂತ ಓಡಾಡುತ್ತಿದ್ದವಳು, ಜೇಬಿನ ಭಾರಕ್ಕೆ ಫ್ರಾಕು ಒಂದು ಕಡೆಗೆ ಜಗ್ಗಿ ಹೆಗಲು ಕಾಣುತ್ತಿತ್ತು — ಕದಲಬೇಡ ಅಂದರೆ ಕದಲುವ ಹುಡುಗಿ ಅಲ್ಲವೇ ಅಲ್ಲ ಅದು, ಚಿಕ್ಕವಳಿದ್ದಾಗಲೂ ಗಿರಾಕಿಯ ಬದಲಿಗೆ ಸೀಟಿನಲ್ಲಿ ಕೂರಿಸಿದರೆ ಕೆಮ್ಮು ಬಂದರೂ ನುಂಗಿಕೊಂಡು ಕೂರುತ್ತಿದ್ದಳು, ಹಾಗಿದ್ದರೆ ಯಾರೋ ಕದಲಿಸಿದರು. ಕಾರಿನ ತಳ ಬರೀ ತಗಡು, ತೂಕ ಇಳಿಯಬೇಕು, ವೇಗ ಏರಬೇಕು ಅಂತ ಅಳಿಯ ಒಳಗಿನ ಕಾರ್ಪೆಟ್ಟು, ಅದರಡಿಯ ದಪ್ಪ ಹಾಸು, ಎಲ್ಲ ಕಿತ್ತು ಎಸೆದಿದ್ದಾನೆ, ಈಗ ಮೇಲೆ ಪಿಸುಗುಟ್ಟಿದರೂ ಕೆಳಗೆ ಡಬ್ಬಿಯೊಳಗೆ ಮಾತಾಡಿದಷ್ಟು ಸ್ಪಷ್ಟ, ಅದು ಅವನಿಗೆ ಗೊತ್ತಿಲ್ಲ, ಗುಂಡಿಯಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುವ ವಿಷಯ — ನಿಂಗೇನೇ ಗೊತ್ತು ಹಿಂಚಕ್ರದ ಬಾರ್ ವಿಷಯ, ಆಗ ಬಾಯಿ ಹಾಕಿದ್ಯಲ್ಲ, ನಿಮ್ಮಮ್ಮನ ಮುಂದೆ ನನ್ನ ಮರ್ಯಾದೆ ತೆಗೀಬೇಕಿತ್ತಾ — ಇಲ್ಲರೀ, ಮಳೇಲಿ ಹಿಂದ್ಗಡೆ ಎಸೆಯುತ್ತೆ ಅಂತ ಅಮ್ಮ ಅಂದಿದ್ದಕ್ಕೆ ಹೂಂ ಅಂದೆ ಅಷ್ಟೇ — ಮತ್ತೆ ಮಾತಾಡ್ತೀಯಾ, ಟಪ್. ಸ್ಪ್ರಿಂಗು ಕುಗ್ಗಿತು, ಎದ್ದಿತು, ನಿಂತಿತು. ಕೆನ್ನೆ ಅದು. ಕೆನ್ನೆಯ ಸದ್ದು. ಅಯ್ಯೋ ನನ್ನ ಕಿವಿಗೆ ಮಣ್ಣು ಹಾಕ, ಬೀದಿಯ ಆ ತುದಿಯಲ್ಲಿ ಬರುವ ಕಾರಿನ ಯಾವ ಕಾಲಿಗೆ ಏನಾಗಿದೆ ಅಂತ ಕೂತಲ್ಲೇ ಹೇಳುವ ಕಿವಿ, ಹೆತ್ತ ಮಗಳ ಕೆನ್ನೆಯನ್ನು ಬುಷ್ಷಿಗೆ ಹೋಲಿಸಿಕೊಂಡು ನಿಂತಿತ್ತು. ಮೇಲೆ ಮಗಳು ಅಳಲಿಲ್ಲ, ಒಂದು ಸಲ ಮೂಗೆಳೆದುಕೊಂಡ ಸದ್ದು, ಆಮೇಲೆ ಏನೂ ಇಲ್ಲ, ಬಳೆ ಸಹ ಅಲುಗಲಿಲ್ಲ; ಒಳ್ಳೆಯ ಶಾಕ್ ಅಬ್ಸಾರ್ಬರಿನ ಗುಣ ಇದೇ ಅಂತ ಬೆಳಿಗ್ಗೆ ತಾನೇ ಜಂಬ ಕೊಚ್ಚಿಕೊಂಡದ್ದು, ಒಂದು ಏಟಿಗೆ ಒಂದೇ ಕುಲುಕು, ಆಮೇಲೆ ಏನೂ ಆಗದವರ ಹಾಗೆ ನಿಲ್ಲಬೇಕು, ಹಳೆಯದು ಇದ್ದಿದ್ದರೆ ಕಾರು ನಾಲ್ಕು ಸಲ ಕುಣಿದು ಬೀದಿಗೆಲ್ಲ ಸಾರುತ್ತಿತ್ತು. ಅದನ್ನು ಬಿಚ್ಚಿ ಮೂಲೆಗೆ ಎಸೆದವಳು ತಾನೇ, ಅದರ ಎಣ್ಣೆ ಇನ್ನೂ ಅಂಗೈಯಲ್ಲಿದೆ.

ಬೆಳಿಗ್ಗೆ ಅವನು ಬಂದದ್ದು ಹೆಗಲ ಮೇಲೆ ಆ ಕೆಂಪು ಬಾರ್ ಹೊತ್ತುಕೊಂಡು, ಗದೆ ಹೊತ್ತವನ ಠೀವಿ, ಎರಡು ಹಿಂಚಕ್ರಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಕಬ್ಬಿಣ ಅದು, ಕಾರಿನ ಜೊತೆ ಬಂದದ್ದು ಹೆಬ್ಬೆರಳಿನಷ್ಟು ಇದ್ದರೆ ಇವನು ತಂದದ್ದು ಅದರ ಎರಡರಷ್ಟು ದಪ್ಪ — ಅತ್ತೆ, ಇದು ಹಾಕ್ಬಿಡಿ, ಹಿಂದ್ಗಡೆ ಬಂಡೆ ಥರ ಇರ್ಬೇಕು, ತಿರುವಲ್ಲಿ ಒಂಚೂರೂ ವಾಲಬಾರ್ದು — ಬಂಡೆ ಬೇಕಾದ್ರೆ ಬಂಡೆ ಮೇಲೇ ಕೂತ್ಕೊಳ್ಳಿ ಅಳಿಯಂದಿರೇ, ಪೆಟ್ರೋಲೂ ಬೇಕಾಗಲ್ಲ — ಅವನು ನಕ್ಕ, ಮಗಳೂ ನಕ್ಕಳು, ಅವನು ನಕ್ಕ ಮೇಲೆ. ಕಾರನ್ನು ಎತ್ತಿ ತೋರಿಸಿದಳು, ನೋಡಿ, ನೀವು ಕಾರ್ ತಗ್ಗಿಸಿದ್ರಿ, ಕೈಕಾಲು ಮಾತ್ರ ಹಳೇ ಅಳತೆದೇ ಉಳೀತು, ಅದಕ್ಕೇ ಹಿಂಚಕ್ರದ ತಲೆ ಒಳಕ್ಕೆ ವಾಲಿದೆ, ಟೈರಿನ ಒಳ ಅಂಚು ದಾರ ಬಿಟ್ಟಿದೆ, ಇದಕ್ಕೆ ಬೇಕಾಗಿರೋದು ಉದ್ದ ಗಿಡ್ಡ ಮಾಡೋಕೆ ಬರೋ ಮೇಲಿನ ಆರ್ಮು, ಇನ್ನೊಂದು, ಚಕ್ರದ ಮೂತಿ ಯಾವ ಕಡೆ ಇರ್ಬೇಕು ಅಂತ ಹಿಡಿದು ನಿಲ್ಸೋ ಟೋ ಆರ್ಮು, ಆಮೇಲೆ ಹದವಾಗಿ ಬಿಗಿ ಇರೋ ಸ್ಪ್ರಿಂಗು, ಅದಕ್ಕೆ ಜೋಡಿಯಾಗಿ ಗಿಡ್ಡ ಶಾಕು, ಬಾರ್ ಹಳೇದೇ ಸಾಕು. ಬುಷ್ಷಿನ ಬದಲು ಲೋಹದ ಜಾಯಿಂಟು ಹಾಕಿ ಅಂದ, ರಬ್ಬರ್ ಎಲ್ಲಾ ಮುದುಕರ ಕಾರಿಗೆ ಅಂದ. ದಿನಾ ಓಡ್ಸೋ ಕಾರಿಗೆ ರಬ್ಬರೇ ಇರ್ಲಿ, ಇಲ್ದಿದ್ರೆ ರಸ್ತೆ ಮೇಲಿನ ಪ್ರತಿ ಕಲ್ಲೂ ನಿಮ್ಮ ಬೆನ್ನಿಗೆ ಹೆಸರು ಹೇಳುತ್ತೆ, ಹಿಂದ್ಗಡೆ ತೀರಾ ಬಿಗಿ ಮಾಡಿದ್ರೆ ಅದು ತಡ್ಕೊಳ್ಳಲ್ಲ, ಒಂದು ಹಂತದವರೆಗೆ ಸುಮ್ನಿದ್ದು ಒಂದೇ ಸಲ ಎಸೆದುಬಿಡುತ್ತೆ, ಮಳೇಲಿ ಅಂತೂ ಕೇಳಲೇಬೇಡಿ. ಆಗಲೇ ಟೈರು ಜೋಡಿಸಿದ ಮೂಲೆಯಿಂದ ನಟ್ಟು, ಅಮ್ಮ ಹೇಳೋದು ಹೌದಲ್ವೇನ್ರೀ, ಹೋದ ಸಲ ಸೇತುವೆ ಹತ್ರ ಹಾಗೇ ಆಗಿತ್ತಲ್ಲ. ಅವನು ಅವಳ ಕಡೆ ತಿರುಗಿ ಮುಗುಳ್ನಕ್ಕ. ಆ ನಗೆಯನ್ನು ಇವಳು ಕಣ್ಣಾರೆ ಕಂಡಳು, ಕಂಡು, ಪರವಾಗಿಲ್ಲ, ಹೆಂಡತಿಯ ಮಾತಿಗೆ ನಗುವ ಗಂಡ ಅಂದುಕೊಂಡಳು, ಪೆದ್ದಿ. ಸುಡುಬಿಸಿಲಿನ ದಿನ, ಗ್ಯಾರೇಜಿನ ತಗಡು ಕಾದು ನೊಣ ಸಹ ಕೂರದೆ ಹಾರುತ್ತಿದೆ, ಮಗಳು ತೊಟ್ಟದ್ದು ಮಣಿಕಟ್ಟು ಮುಚ್ಚುವ ತೋಳು, ಏನೇ ಇದು ಅವತಾರ ಅಂದರೆ ಕಪ್ಪಾಗ್ತೀನಿ ಅಮ್ಮ ಅಂದಳು, ಗ್ರೀಸಿನಲ್ಲಿ ಮಿಂದು ಬೆಳೆದವಳಿಗೆ ಕಪ್ಪಾಗುವ ಭಯ! ಅದಕ್ಕೂ ಮುಂಚೆ ಒಂದು ಸಲ ತುಟಿ ಒಡೆದುಕೊಂಡು ಬಂದಿದ್ದಳು, ಕಾರ್ ಬಾಗಿಲು ತಗಲ್ತಮ್ಮ, ಅದು ಸುಮ್ನೆ ವಾಪಸ್ ಬರುತ್ತೆ — ಆಗ ಈ ಗುಂಡಿ ಅಕ್ಕ ಏನು ಮಾಡಿದಳು, ಮಗಳ ಮುಖ ನೋಡಿದಳೇ, ಇಲ್ಲ, ಬಾಗಿಲು ನೋಡಿದಳು, ಕೀಲು ನೋಡಿದಳು, ತಡೆಯುವ ಪಟ್ಟಿಯ ಪಿನ್ನು ಅಲುಗಿಸಿ ನೋಡಿದಳು, ಎಲ್ಲ ನೆಟ್ಟಗಿತ್ತು, ಆದರೂ ಇರಲಿ ಅಂತ ಪಟ್ಟಿ ಬದಲಾಯಿಸಿ ಕೀಲಿಗೆ ಎಣ್ಣೆ ಬಿಟ್ಟು, ಇನ್ಮೇಲೆ ವಾಪಸ್ ಬರಲ್ಲ ನೋಡು ಅಂದಳು. ಮಗಳು ಅದನ್ನೇ ನೋಡುತ್ತ ನಿಂತಿದ್ದಳು, ಹೂಂ ಅಮ್ಮ, ಈಗ ಸರಿಯಾಯ್ತು ಅಂದಳು.

ಥೂ. ಬಾಗಿಲಿಗೆ ಎಣ್ಣೆ ಬಿಟ್ಟ ಕೈಗೆ ಬೆಂಕಿ ಬೀಳಲಿ. ಈಗ ಆ ಕೈಯಲ್ಲಿ ಸ್ಪ್ಯಾನರಿದೆ, ಅದರ ಬಾಯಲ್ಲಿ ಎಡಗಡೆಯ ಟೋ ಆರ್ಮಿನ ಲಾಕ್ ನಟ್ಟು, ಇನ್ನೂ ಬಿಗಿದಿಲ್ಲ — ಹಾಗಾದರೆ ಆರಿಸೋಣ ಬಾ ಅಳಿಯ, ಅಳಿಯ ಅಲ್ಲ ಮಗಳ ಗಂಡ, ನಿನ್ನ ಕಾರಿನ ಹಿಂಭಾಗಕ್ಕೆ ಏನು ಬೇಕೋ ಅತ್ತೆ ಆರಿಸಿ ಕೊಡುತ್ತಾಳೆ. ಆ ಕೆಂಪು ಬಾರೇ ಹಾಕಲೇ, ನೀನೇ ಬೇಡಿದ್ದು, ಮೊದಲ ಮಳೆಗೆ ನಿನ್ನನ್ನು ಎತ್ತಿ ಒಗೆಯುತ್ತದೆ, ಆದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಬುಷ್ಷುಗಳನ್ನು ತಿರುಚಿಟ್ಟು ಬಿಗಿಯಲೇ, ಅದು ನಿಧಾನ, ನನಗೆ ಅಷ್ಟು ತಾಳ್ಮೆ ಇಲ್ಲ. ಇದು ಸರಿ, ಈ ಆರ್ಮು, ಇದನ್ನು ಒಂದು ಸುತ್ತು ಆ ಕಡೆ ತಿರುಗಿಸಿದರೆ ಮುಗಿಯಿತು, ಪಾದ ಹೊರಗೆ ಹಾಕಿ ನಡೆಯುವವರ ಹಾಗೆ ಹಿಂಚಕ್ರದ ಮೂತಿ ಹೊರಕ್ಕೆ ತಿರುಗುತ್ತದೆ, ಕಣ್ಣಿಗೆ ಕಾಣುವಷ್ಟಲ್ಲ, ದಾರ ಕಟ್ಟಿ ಅಳೆದರೆ ಮಾತ್ರ, ಓಡಿಸಿದರೆ ಮೊದಮೊದಲು ಭಲೇ ಚುರುಕು ಅನ್ನಿಸುತ್ತದೆ, ಏನ್ ತಿರುಗುತ್ತೆ ಅತ್ತೆ, ಕೈ ಮುಗೀಬೇಕು ನಿಮಗೆ ಅಂತ ನೀನೇ ಫೋನು ಮಾಡುತ್ತೀಯ, ಆಮೇಲೊಂದು ದಿನ ಉದ್ದ ತಿರುವು, ವೇಗ ಜಾಸ್ತಿಯಾಯಿತು ಅಂತ ಹೆದರಿ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತೀಯ — ಎತ್ತೇ ಎತ್ತುತ್ತೀಯ, ನೀನು ಕಾಲು ಎತ್ತುವ ಗಿರಾಕಿ, ನಿನ್ನ ಮುಂದಿನ ಟೈರು ನೋಡಿದ ದಿನವೇ ನನಗೆ ಗೊತ್ತಾಗಿದೆ, ಹೊರಗೆ ಹುಲಿ, ತಿರುವಿನಲ್ಲಿ ಇಲಿ — ಎತ್ತಿದ್ದೇ ತಡ ಭಾರವೆಲ್ಲ ಮುಂದಕ್ಕೆ, ಹಿಂಭಾಗ ಹಗುರ, ಆ ಎರಡು ಚಕ್ರ ತಮ್ಮ ತಮ್ಮ ದಾರಿ ಹಿಡಿಯುತ್ತವೆ, ಸುತ್ತುತ್ತೀಯ, ಸ್ಟಿಯರಿಂಗು ಕೈಯಲ್ಲಿ ಆಟದ ಸಾಮಾನಾಗುತ್ತದೆ, ಹೊಡೆದ ಆ ಕೈಯಲ್ಲಿ, ಕಂಬ, ಗಾಜು ಹಲ್ಲಿಗೆ, ಸ್ಟಿಯರಿಂಗಿನ ಕಂಬಿ ಎದೆಗೆ, ಪಕ್ಕೆಲುಬು ಒಂದೊಂದೇ, ಕೆನ್ನೆ ಅಂದರೇನು ಅಂತ ಆಗ ಗೊತ್ತಾಗಲಿ, ನುಜ್ಜುಗುಜ್ಜಾದ ಕಾರಿನಲ್ಲಿ ಯಾವನು ಕೂತು ಟೋ ಅಳೆಯುತ್ತಾನೆ, ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೈ ತಿರುಗಿತು. ಅರ್ಧ ಸುತ್ತು. ಆರ್ಮು ಸದ್ದಿಲ್ಲದೆ ಉದ್ದವಾಯಿತು, ಎಷ್ಟು ಸಲೀಸು, ಎಂಥ ನುಣುಪಾದ ಹೊಸ ತಿರುಪು, ಇನ್ನರ್ಧ ಸುತ್ತು — ಬಲಕ್ಕೆ ಹೋಗುವ ತಿರುವು ಆಗಿದ್ದರೆ? ಬಲಕ್ಕೆ ಹೋಗುವ ತಿರುವಿನಲ್ಲಿ ಹಿಂಭಾಗ ಎಸೆಯುವುದು ಎಡಕ್ಕೆ. ಕಂಬಕ್ಕೆ ಮೊದಲು ಬಡಿಯುವುದು ಎಡಗಡೆಯ ಬಾಗಿಲು. ಎಣ್ಣೆ ಬಿಟ್ಟ ಬಾಗಿಲು. ಅದರೊಳಗೆ ಕೆಮ್ಮು ನುಂಗಿಕೊಂಡು ಕೂತವಳು. ಎಡ ತಿರುವಿನಲ್ಲೇ ಸಾಯಿ ಅಂತ ಅವನಿಗೆ ಹೇಳುವವರು ಯಾರು, ಇವತ್ತು ನಿನ್ನ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಸಾಯಲು ಹೋಗು ಅಂತ ಹೇಳುವವರು ಯಾರು. ಅರ್ಧ ಸುತ್ತು ವಾಪಸ್ಸು ತಿರುಗಿಸಿದಳು, ಚಕ್ರದ ಪಕ್ಕಕ್ಕೆ ಕಟ್ಟಿದ್ದ ದಾರ ನೋಡಿ, ಅಳತೆಯ ಉಕ್ಕಿನ ಪಟ್ಟಿ ಹಿಡಿದು, ಮೊದಲು ಎಲ್ಲಿತ್ತೋ ಅಲ್ಲಿಗೇ ತಂದು ನಿಲ್ಲಿಸಿದಳು, ಕಣ್ಣಿಗೆ ನೀರು ಬಂದು ಪಟ್ಟಿಯ ಗೆರೆಗಳು ಕಲಸಿಹೋದವು, ಮತ್ತೆ ಒರೆಸಿಕೊಂಡು ನೋಡಿದಳು.

ನಟ್ಟೂ, ಕೆಳಗೆ ಬಾರೇ, ಒಂಚೂರು ದೀಪ ಹಿಡಿ — ತನ್ನ ದನಿಯೇ ತನಗೆ ಬೇರೆ ಯಾರದೋ ಅನ್ನಿಸಿತು, ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುವ ದನಿ. ಮೇಲಿನಿಂದ ಮಗಳು, ಎಷ್ಟು ಮಾಮೂಲಿ ದನಿಯಲ್ಲಿ, ಕೊಯ್ದು ಹಾಕುವಷ್ಟು ಮಾಮೂಲಿ, ಭಾರ ಇರ್ಬೇಕಲ್ಲಮ್ಮ, ನಾನ್ ಇಳಿದ್ರೆ ಅಳತೆ ತಪ್ಪುತ್ತೆ, ನೀನು ಮುಗ್ಸು. ಅಪ್ಪನ ಮಾತು, ಅಮ್ಮನ ಕಟ್ಟುನಿಟ್ಟು, ಅದನ್ನೇ ತಂದು ಎದುರಿಗಿಟ್ಟಳು, ಭಾರ ಯಾರದೋ ಅವರೇ ಕೂರಬೇಕು, ಬೇಲಿ ಕಟ್ಟಿಕೊಟ್ಟವರೇ ನಾವು. ಆಯ್ತು ಮಗಾ, ಮುಗೀತು, ಭಾರ ಬೇಕಾಗಿಲ್ಲ, ಇಳಿ. ಎಡಗಡೆಯ ಸ್ಪ್ರಿಂಗು ಒಂಚೂರು ಎದ್ದಿತು, ಎದ್ದಿತು, ಇನ್ನೇನು — ಎಲ್ಲಿಗೆ, ಅಂತ ಅವನು, ಮೆಲ್ಲಗೆ, ಹಲ್ಲಿನ ನಡುವೆ, ಕೂತ್ಕೋ, ಇಳಿದ್ರೆ ಇವತ್ತು ಮನೇಲಿ ಇದೆ ನಿಂಗೆ — ಟಪ್ ಇಲ್ಲ, ಈ ಸಲ ಬೇರೆ ಸದ್ದು, ಏನೋ ಮಾಂಸವನ್ನು ಹಿಡಿದು ತಿರುಚಿದಾಗ ಬಾಯಿಂದ ತಾನಾಗಿ ಬರುವ ಉಸಿರು, ಮುಚ್ಚಿದ ತೋಳಿನ ಕೆಳಗಿನ ಮಾಂಸ, ಮತ್ತೆ ಸ್ಪ್ರಿಂಗು ಕುಗ್ಗಿತು. ನಿಂತಿತು. ಗುಂಡಿಯ ಗೋಡೆಗೆ ಒರಗಿಸಿದ್ದ ದೊಡ್ಡ ಸುತ್ತಿಗೆ ಅವಳ ಕೈಗೆ ಯಾವಾಗ ಬಂತೋ, ಎರಡೂ ಕೈಯಲ್ಲಿ ಎತ್ತಿ, ಬಲಗಡೆಯ ಸೀಟಿನ ತಳಕ್ಕೆ, ಕೆಳಗಿನಿಂದ ಮೇಲಕ್ಕೆ, ಹೊಡೆದಳು, ತಗಡು ಒಳಕ್ಕೆ ಬಗ್ಗಿತು, ಹೊಡೆದಳು, ನಿನ್ನಪ್ಪನ, ಹೊಡೆದಳು, ನಿನ್ನ ವಂಶದ, ಮಣ್ಣು ತುಕ್ಕು ಬಣ್ಣದ ಚಕ್ಕೆ ಎಲ್ಲ ಕಣ್ಣಿಗೂ ಬಾಯಿಗೂ ಉದುರಿತು, ಉಗುಳಿ ಮತ್ತೊಂದು. ಮೇಲೆ ಅವನು ಚೇಳು ಕಡಿದವನ ಹಾಗೆ ಹಾರಿದ, ಏನ್ರೀ ಅದು, ಏನ್ ಮಾಡ್ತಿದೀರ ಅತ್ತೆ — ನಿಮ್ಮ ಸೀಟಿನ ಕೆಳಗೆ ಏನೋ ಕೊಳೆತಿತ್ತು ಅಳಿಯಂದಿರೇ, ತಗಡು ಪರೀಕ್ಷೆ ಮಾಡ್ದೆ. ಇಷ್ಟು ಹೇಳಿ ಸುತ್ತಿಗೆ ಬಿಸಾಕಿ ಸ್ಪ್ಯಾನರು ಹಿಡಿದಳು, ಎಡಗಡೆಯ ಟೋ ಆರ್ಮಿನ ಬೋಲ್ಟು, ತಿರುವು, ಬಲಗಡೆಯದು, ತಿರುವು, ಬೋಲ್ಟು ಕಿತ್ತು ಬಂತು, ಆರ್ಮು ಕಳಚಿ ಗುಂಡಿಯೊಳಗೆ ಠಣ್ಣನೆ ಬಿತ್ತು, ಅದರ ಹಿಂದೆ ಇನ್ನೊಂದು, ಎರಡು ಹಿಂಚಕ್ರ ಈಗ ಯಾರ ಮಾತೂ ಕೇಳುವುದಿಲ್ಲ, ಒಂದು ಆ ಕಡೆ ಮೂತಿ ತಿರುಗಿಸಿತು, ಒಂದು ಈ ಕಡೆ. ಕಾರು ಎಲ್ಲಿಗೂ ಹೋಗಲ್ಲ ಅಂತ ಕೂಗಿದಳು, ಇದರಲ್ಲಿ ನನ್ನ ಮಗಳು ಎಲ್ಲಿಗೂ ಹೋಗಲ್ಲ.

ಬಲಗಡೆಯ ಸ್ಪ್ರಿಂಗು ಎದ್ದಿತು, ಅವನು ಇಳಿದ. ಬೂಟಿನ ಸದ್ದು ಕಾರಿನ ಮುಂದಕ್ಕೆ ಬಂತು, ಅಲ್ಲಿ ಗುಂಡಿ ಕಾರಿಗಿಂತ ಉದ್ದವಾಗಿ ಹೊರಗೆ ತೆರೆದುಕೊಂಡಿದೆ, ಹತ್ತಿ ಇಳಿಯುವ ಮೆಟ್ಟಿಲು ಇರುವುದು ಹಿಂದುಗಡೆ, ಅಲ್ಲಿಗೆ ಹೋಗದೆ ಅವಳು ಮುಂದಕ್ಕೇ ನಡೆದಳು, ಬಾ, ಬಿಗಿ ನಟ್ಟಿಗೆ ಸ್ಪ್ಯಾನರಿನ ಹಿಂದೆ ಸಿಕ್ಕಿಸುವ ಉದ್ದ ಪೈಪು ಕೈಗೆ ಸಿಕ್ಕಿತು, ಬಾ, ಇನ್ನೊಂದು ಕೈಯನ್ನು ಗುಂಡಿಯ ಅಂಚಿಗೆ ಊರಿ ತಲೆ ಎತ್ತಿದಳು, ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದಾನೆ, ಮುಖ ಕಾಣುತ್ತಿಲ್ಲ, ಬೂಟು ಮಾತ್ರ ಬೆಳ್ಳಗೆ. ಏಯ್ ಮುದುಕಿ, ತಲೆ ಕೆಟ್ಟಿದ್ಯಾ, ಆ ಆರ್ಮು ಈಗ್ಲೇ ಹಾಕು — ಬೆಳಿಗ್ಗೆಯಿಂದ ಅತ್ತೆ ಅತ್ತೆ ಅನ್ನುತ್ತಿದ್ದದ್ದು ಒಂದೇ ಸಲಕ್ಕೆ ಮುದುಕಿ, ಬಣ್ಣ ಎಷ್ಟು ತೆಳ್ಳಗೆ ಬಳಿದಿದ್ದ — ಹಾಕಲ್ಲ, ಇನ್ನೂ ಕೆನ್ನೆ ಬೇಕಾ, ನಂದಿದೆ ಬಾ. ಬೂಟು ಮೇಲೆದ್ದು ಅಂಚಿನ ಮೇಲಿದ್ದ ಅವಳ ಬೆರಳುಗಳ ಮೇಲೆ ಬಿತ್ತು, ಬಿದ್ದು ತಿರುಗಿತು, ಬೀಡಿ ಹೊಸಕುವವನ ಹಾಗೆ, ಈ ಸದ್ದನ್ನು ಅವಳು ಯಾವುದಕ್ಕೂ ಹೋಲಿಸಿಕೊಳ್ಳಲಿಲ್ಲ, ಎಲುಬು ಅಂತ ತಕ್ಷಣ ಗೊತ್ತಾಯಿತು, ಉಂಗುರದ ಬೆರಳು, ಅದರ ಪಕ್ಕದ್ದು, ನೋವು ಮೊಣಕೈಗೆ ಹತ್ತಿ ಹಲ್ಲಿಗೆ ಬಂತು, ಅದರ ಜೊತೆಗೇ ಇನ್ನೊಂದು ಕೈ ಬೀಸಿತು, ನೆಲಕ್ಕೆ ಸಮನಾಗಿ, ಹುಲ್ಲು ಕೊಯ್ಯುವ ಹಾಗೆ, ಪೈಪು ಅವನ ಕಾಲಿನ ಹರಡಿಗೆ. ಒಣ ಕಡ್ಡಿ ಮುರಿದ ಸದ್ದು. ಅವನು ನಿಂತಲ್ಲಿಂದ ಪಕ್ಕಕ್ಕೆ ಮಗುಚಿದ, ಮೊದಲು ಗದ್ದ, ಆಮೇಲೆ ಹೆಗಲು, ಗಾರೆಯ ನೆಲ, ಹಲ್ಲಿನ ಸಂದಿನಲ್ಲಿ ರಕ್ತ, ಈಗ ಅವನ ಮುಖ ಅವಳ ಮುಖದ ಮಟ್ಟಕ್ಕೇ ಬಂದು ಬಿದ್ದಿದೆ, ಎಷ್ಟು ಚಿಕ್ಕ ಮುಖ, ಇನ್ನೊಂದು ಹಾಕಲೇ, ಈ ಸಲ ತಲೆಗೆ, ತೆಂಗಿನಕಾಯಿಯ ಹಾಗೆ, ಒಂದೇ ಒಂದು, ಪೈಪು ಅರ್ಧ ಎದ್ದಿತು — ಅವನು ಇವಳನ್ನು ನೋಡುತ್ತಲೇ ಇಲ್ಲ, ಕಾರಿನ ಕಡೆ ಕೂಗುತ್ತಿದ್ದಾನೆ, ಏಯ್, ಬಾರೇ ಇಲ್ಲಿ, ಎತ್ತೇ ನನ್ನ, ನಿಮ್ಮಮ್ಮನಿಗೆ ಹುಚ್ಚು, ಬಾ ಅಂದೆ, ಬರ್ತೀಯೋ ಇಲ್ವೋ.

ಬರುತ್ತಾಳೋ ಇಲ್ಲವೋ, ಅಯ್ಯೋ ದೇವರೇ, ಬಂದರೆ ಯಾರ ಹತ್ತಿರ, ಬಂದು ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡರೆ, ಏನಮ್ಮಾ ಮಾಡಿಬಿಟ್ಟೆ ಅಂದರೆ, ಏನು ಹೇಳಲಿ, ಕಾರಿನ ಗಾಜಿನಲ್ಲಿ ಆಕಾಶ ಹೊಳೆಯುತ್ತಿದೆ, ಒಳಗೆ ಕೂತವಳ ಮುಖ ಕಾಣುವುದಿಲ್ಲ, ಕೂಗಲೇ, ಕೂಗಬಾರದು, ಇವನೂ ಕೂಗಿ ನಾನೂ ಕೂಗಿದರೆ ಅವಳು ಎತ್ತ ಕೇಳಬೇಕು, ಇಷ್ಟು ದಿನ ಕೇಳಿದ್ದೇ ಸಾಕಲ್ಲವೇ ಅವಳು, ಅವನ ಮಾತು, ನನ್ನ ಕಟ್ಟುನಿಟ್ಟು — ಮುರಿದ ಬೆರಳನ್ನು ಎದೆಗೆ ಒತ್ತಿಕೊಂಡು ಅವಳು ಬಗ್ಗಿದಳು, ಗುಂಡಿಯ ಉದ್ದಕ್ಕೂ ನೋಡಿದಳು, ಕಾರಿನ ಕತ್ತಲ ಹೊಟ್ಟೆಯ ಕೆಳಗೆ, ಆ ತುದಿಯಲ್ಲಿ ಕೈದೀಪ, ದೀಪದ ಬೆಳಕಿನಲ್ಲಿ ಎಡಗಡೆಯ ಹಿಂದಿನ ಸ್ಪ್ರಿಂಗು, ಹಳದಿ, ಇನ್ನೂ ಭಾರ ಹೊತ್ತುಕೊಂಡೇ ಇದೆ, ಪಕ್ಕದ ಬಲಗಡೆಯದು ಎದ್ದು ನಿಂತಿದೆ, ಇದು ಇನ್ನೂ ತಗ್ಗಿದೆ, ಬಾರೇ ಅಂದೆ, ಅವನ ದನಿ, ತಗ್ಗಿಯೇ ಇದೆ, ಬೆರಳಿನಿಂದ ರಕ್ತ ಮಣಿಕಟ್ಟಿಗೆ ಇಳಿಯಿತು, ಬಿಸಿ, ತಗ್ಗಿಯೇ ಇದೆ, ಬಿಟ್ಟುಬಿಡೇ ತಾಯಿ ಆ ಸೀಟನ್ನು, ಅಳತೆ ತಪ್ಪಲಿ, ಕಾರು ಹಾಳಾಗಲಿ, ಗ್ಯಾರೇಜಿಗೆ ಬೆಂಕಿ ಬೀಳಲಿ, ಅಲುಗಿತು, ಅಲ್ಲ, ತನ್ನ ಕಣ್ಣೇ ಅದುರಿದ್ದು, ಅಲ್ಲ, ಅಲುಗಿತು, ಬಾಗಿಲಿನ ಕೀಲು ಸದ್ದಿಲ್ಲದೆ ತೆರೆದುಕೊಂಡಿರಬೇಕು, ಸ್ಪ್ರಿಂಗು ಒಂಚೂರು, ಇನ್ನೊಂಚೂರು, ಉಗುರಿನಷ್ಟು, ಎದ್ದಿತು. ಚಪ್ಪಲಿಯ ಸದ್ದು, ಮುಂದಕ್ಕಲ್ಲ, ಅವನ ಕಡೆಗಲ್ಲ, ಹಿಂದಕ್ಕೆ, ಮೆಟ್ಟಿಲಿನ ಕಡೆಗೆ, ಏಯ್ ಎಲ್ಲಿ ಹೋಗ್ತಿದೀಯೇ, ಒಂದು ಮೆಟ್ಟಿಲು, ಇನ್ನೊಂದು, ಗುಂಡಿಯೊಳಗೆ ಯಾರೋ ಇಳಿದು ಹತ್ತಿರ ಬರುತ್ತಿದ್ದಾರೆ, ಅಮ್ಮಾ ಅನ್ನುತ್ತಿದ್ದಾರೆ, ಅವಳು ಆ ಕಡೆ ತಿರುಗಲಿಲ್ಲ, ತಿರುಗಿದರೆ ಎಲ್ಲಿ ಸುಳ್ಳಾಗುತ್ತದೋ ಅಂತ ಅದನ್ನೇ ನೋಡುತ್ತ ನಿಂತಳು, ಎಡಗಡೆಯ ಹಿಂದಿನ ಸ್ಪ್ರಿಂಗು, ಎದ್ದಿತು, ನಿಂತಿತು, ಕುಗ್ಗಲಿಲ್ಲ, ಎದ್ದಿತು, ನಿಂತಿತು, ಕುಗ್ಗಲಿಲ್ಲ